ಏಳನೇ ಹಾಡಿನ ಕೊನೆ

ಆಲ್ದೂರಿಗೆ ಬಂದು ಕಲ್ಲೇಶನ ಅಂಗಡಿ ಎಲ್ಲಿ ಎಂದು ಕೇಳಿದರೆ, ಯಾವ ಕಲ್ಲೇಶ ಎಂದು ತಿರುಗಿ ನಿಮ್ಮನ್ನೇ ಕೇಳುತ್ತಾರೆ. ಕತ್ತರಿ ಕಲ್ಲೇಶ ಎಂದರೆ ಸಾಕು, ಕೈ ಹಿಡಿದು ಬಾಗಿಲವರೆಗೆ ಬಿಟ್ಟು ಹೋಗುತ್ತಾರೆ. ಹಾಗಂತ ಅವನೇನೂ ದರ್ಜಿಯಲ್ಲ. ಬಸ್ ಸ್ಟ್ಯಾಂಡಿನ ಹಿಂದೆ ಅವನ ತಂದೆ ಬಸವರಾಜಪ್ಪನವರು ನಲವತ್ತು ವರ್ಷದ ಹಿಂದೆ ಇಟ್ಟ ಮೈಕ್‌ಸೆಟ್ ಅಂಗಡಿಯ ಒಳಕೋಣೆಯಲ್ಲಿ ಕೂತು, ಊರವರೆಲ್ಲ ಬಲ್ಲ ಹಾಡುಗಳನ್ನು ತುಂಡು ಮಾಡಿ, ತಿರುಗಿಸಿ ಜೋಡಿಸಿ, ಡ್ರಮ್ಮು ತುಂಬಿ ಮದುವೆ ಮೆರವಣಿಗೆಗೂ ಗಣಪತಿ ಬಿಡುವುದಕ್ಕೂ ಕೊಡುತ್ತಿದ್ದ. ರೀಮಿಕ್ಸ್ ಎನ್ನುವುದು ಅದರ ದೊಡ್ಡ ಹೆಸರು. ಮೂಡಿಗೆರೆಯಿಂದ ಕಳಸದವರೆಗೆ ಅವನ ರೀಮಿಕ್ಸಿಗೆ ಕುಣಿಯದ ಮದುಮಗನ ಸ್ನೇಹಿತರಿಲ್ಲ. ಕುಣಿದು ಬೆವರು ಒರೆಸಿಕೊಳ್ಳುವಾಗ ಅದೇ ಸ್ನೇಹಿತರು ಹೇಳುವ ಮಾತು ಮಾತ್ರ ಬೇರೆ: "ಹಾಡು ಯಾರದ್ದೋ, ಕತ್ತರಿ ಇವನದ್ದು." ಹದಿನೆಂಟು ವರ್ಷ ಆ ಮಾತಿಗೆ ಅವನೂ ಎಲ್ಲರ ಜೊತೆ ನಕ್ಕಿದ್ದ. ನಲವತ್ತು ಹತ್ತಿರ ಬಂದಂತೆ ನಗು ಗಂಟಲಲ್ಲೇ ಸಿಕ್ಕಿಕೊಳ್ಳತೊಡಗಿತು.

ಈ ಕೆಲಸ ಅವನಿಗೆ ಒಂದು ಅಭ್ಯಾಸ ಹತ್ತಿಸಿತ್ತು. ಯಾವ ಹಾಡಾದರೂ ಮೊದಲ ಹತ್ತು ಸೆಕೆಂಡು ಕೇಳಿದರೆ ಸಾಕು, ಜನ ಹಿಡಿದುಕೊಳ್ಳುವ ತುಣುಕು ಅದರಲ್ಲಿ ಇದೆಯೋ ಇಲ್ಲವೋ ತಿಳಿಯುತ್ತದೆ. ಮಿಕ್ಕದ್ದನ್ನು ಕೇಳುತ್ತ ಕೂತರೆ ಹೊತ್ತು ದಂಡ. ಈ ಅಭ್ಯಾಸ ಬರುಬರುತ್ತ ಹಾಡನ್ನು ದಾಟಿ ಮನೆಯೊಳಗೂ ಬಂದಿತ್ತು. ಹೆಂಡತಿ ಸೌಮ್ಯ ಏನಾದರೂ ಹೇಳಲು ಬಾಯಿ ತೆರೆದರೆ ಹತ್ತನೇ ಸೆಕೆಂಡಿಗೆ "ಹ್ಞೂಂ, ಗೊತ್ತಾಯ್ತು" ಎನ್ನುವನು. "ಎಂತ ಗೊತ್ತಾಯ್ತು, ಹೇಳಿ ನೋಡುವ" ಎಂದು ಅವಳು ನಿಂತುಬಿಟ್ಟರೆ ಪೆಚ್ಚಾಗಿ ಚಪ್ಪಲಿ ಹುಡುಕುವನು.

ಇಂಥವನು ಎರಡು ವರ್ಷದಿಂದ ಒಂದು ಆಲ್ಬಂ ಮಾಡುತ್ತಿದ್ದ. ಕತ್ತರಿಸಿದ್ದಲ್ಲ, ಸ್ವಂತದ್ದು. ಹೆಸರೇ 'ಸ್ವಂತದ್ದು'. ಏಳು ಹಾಡು, ಏಳು ಗಾಯಕರು, ರಾಗವೆಲ್ಲ ಕಲ್ಲೇಶನದ್ದು. ಸಿನಿಮಾದ್ದಲ್ಲ, ಭಾವಗೀತೆಯಲ್ಲ, ಭಕ್ತಿಗೀತೆಯಂತೂ ಅಲ್ಲವೇ ಅಲ್ಲ. ಅದನ್ನು ಇಂಡಿ ಪಾಪ್ ಅನ್ನುತ್ತಾರೆ ಎಂದು, ಆಲ್ಬಂ ಹೊರಗೆ ಬಿಡಲು ಒಪ್ಪಿದ್ದ ಬೆಂಗಳೂರಿನ ಅಭಿಷೇಕ್ ಹೇಳಿಕೊಟ್ಟಿದ್ದ. ಅತ್ತಿಗುಂಡಿಯ ಒಬ್ಬ ಜೀಪ್ ಡ್ರೈವರ್ ಒಂದು ಹಾಡಿದ್ದ. ಕಳಸದ ಕಡೆಯ ಎಸ್ಟೇಟಿನ ರೈಟರ್ ಒಬ್ಬರು, ಲೆಕ್ಕದ ಪುಸ್ತಕ ಮುಚ್ಚಿಟ್ಟು ಬಂದು, ಇನ್ನೊಂದಕ್ಕೆ ಮೌತ್ ಆರ್ಗನ್ ನುಡಿಸಿ ತಾವೇ ಹಾಡಿಯೂ ಹೋಗಿದ್ದರು. ಮಾತುಗಳನ್ನೆಲ್ಲ ಬರೆದವಳು ಚಿಕ್ಕಮಗಳೂರಿನ ಕಾಲೇಜು ಮೇಡಂ ರಶ್ಮಿ. ಹೀಗೆ ಆರು ಹಾಡು ಮುಗಿದಿದ್ದವು.

ಏಳನೆಯದು ಎಲ್ಲಕ್ಕಿಂತ ಚೆನ್ನಾಗಿತ್ತು. ಜನವರಿಯ ಒಂದು ಬೆಳಿಗ್ಗೆ ಮೂಡಿಗೆರೆಗೆ ಸ್ಪೀಕರ್ ಒಯ್ಯುವಾಗ ವ್ಯಾನಿನಲ್ಲಿ ತಾನಾಗಿ ಬಾಯಿಗೆ ಬಂದ ರಾಗ. ಉಳಿದ ಆರನ್ನು ಅವನು ಬೆವರು ಸುರಿಸಿ ಕಟ್ಟಿದ್ದ. ಇದು ಕೇಳದೆ ಬಂದು ಪಕ್ಕದಲ್ಲಿ ಕೂತಿತ್ತು. ವ್ಯಾನನ್ನು ರಸ್ತೆ ಬದಿಗೆ ಹಾಕಿ, ಫೋನಿನಲ್ಲಿ ಗುನುಗಿ ಇಟ್ಟುಕೊಂಡು, ಸ್ಟಿಯರಿಂಗಿಗೆ ತಲೆ ಆನಿಸಿ ಅತ್ತುಬಿಟ್ಟಿದ್ದ. ಇನ್ನು ಮೇಲೆ ತನ್ನನ್ನು ಯಾರೂ ಕತ್ತರಿ ಎನ್ನುವಂತಿಲ್ಲ ಎಂದು ಅವನಿಗೆ ಖಾತ್ರಿಯಾಗಿತ್ತು.

ಒಂದೇ ತೊಂದರೆ. ಆ ರಾಗಕ್ಕೆ ಕೊನೆ ಇರಲಿಲ್ಲ. ಮೊದಲ ಎರಡು ಸಾಲು ಬೆಟ್ಟ ಹತ್ತಿದ ಹಾಗೆ ಹತ್ತಿ ನಿಲ್ಲುತ್ತಿತ್ತು, ಇಳಿಯುವ ದಾರಿ ಸಿಗುತ್ತಿರಲಿಲ್ಲ. ಎರಡು ತಿಂಗಳು ಒದ್ದಾಡಿದ. ಏನು ಕಟ್ಟಿದರೂ ತೇಪೆ ಹಾಕಿದ ಹಾಗೆ ಕಾಣುತ್ತಿತ್ತು.

ಇನ್ನು ಬಸವರಾಜಪ್ಪನವರ ಡೈರಿಯ ವಿಷಯ ಹೇಳಬೇಕು. ಕಾಫಿ ಸೀಮೆಯಲ್ಲಿ ಮಳೆಯನ್ನು ಯಾರೂ ಜೋರು, ಸಣ್ಣ ಎಂದು ಹೇಳುವುದಿಲ್ಲ, ಸೆಂಟಿನಲ್ಲಿ ಹೇಳುತ್ತಾರೆ. ನೂರು ಸೆಂಟಿಗೆ ಒಂದಿಂಚು. ತೋಟ ಅಂದ ಮೇಲೆ ಅಂಗಳದ ಮೂಲೆಯಲ್ಲಿ ಒಂದು ಮಳೆ ಅಳೆಯುವ ಗೇಜು ಇರುತ್ತದೆ. ಎದ್ದವರು ಮುಖ ತೊಳೆಯುವ ಮೊದಲು ಅದನ್ನು ನೋಡಿ ಬರುತ್ತಾರೆ. ಆಮೇಲೆ ಶುರು ಫೋನು: ನಿಮ್ಮಲ್ಲಿ ಎಷ್ಟು? ಕಾಫಿ ಗಿಡಕ್ಕೆ ಹೂವು ಬಿಡಿಸುವ ಮಾರ್ಚ್ ಏಪ್ರಿಲ್ ಮಳೆಯ ಹೊತ್ತಿನಲ್ಲಂತೂ ಹೆರಿಗೆಯಾದ ಮನೆಗೆ ಫೋನ್ ಮಾಡಿದವರೂ ಮೊದಲು ಸೆಂಟು ಕೇಳಿ ಆಮೇಲೆ ಬಾಣಂತಿಯನ್ನು ಕೇಳುತ್ತಾರೆ. ಬಸವರಾಜಪ್ಪನವರಿಗೆ ಇದ್ದದ್ದು ಅಂಗೈ ಅಗಲದ ತೋಟ, ಆದರೆ ಸುತ್ತ ನಾಲ್ಕು ದಿಕ್ಕಿನ ಸೆಂಟು ಅವರ ಡೈರಿಯಲ್ಲಿ ಇರಬೇಕು. ಅಂಗಡಿಗೆ ಬಂದ ಬೆಳೆಗಾರರು ವೈರು ಕೊಳ್ಳದಿದ್ದರೂ ಸೆಂಟು ಕೇಳಿಕೊಂಡು ಹೋಗುತ್ತಿದ್ದರು.

ದೇವರಮನೆ ಕಡೆಯ ಸೆಂಟು ಬರುತ್ತಿದ್ದದ್ದು ಪ್ರಶಾಂತನಿಂದ. ಪ್ರಶಾಂತ ಎಂದರೆ ಕಲ್ಲೇಶನ ಜೀವದ ಗೆಳೆಯ, ಚಿಕ್ಕಮಗಳೂರಿನ ಕಾಲೇಜು ದಿನಗಳಲ್ಲಿ ಮೂರು ವರ್ಷ ಒಂದೇ ಕೋಣೆಯಲ್ಲಿ ಒಂದೇ ಬಕೆಟ್ಟಿನ ನೀರಲ್ಲಿ ಸ್ನಾನ ಮಾಡಿದವನು. ದೇವರಮನೆಯ ಹುಲ್ಲುಗುಡ್ಡದ ಕೆಳಗೆ ಎಂಟೆಕರೆ ಕಾಫಿ, ಮೆಣಸು. ಮೂರು ವರ್ಷದ ಹಿಂದಿನಿಂದ ಅವನು ದಿನಾ ಬೆಳಿಗ್ಗೆ ಗೇಜಿನ ಪಕ್ಕದಲ್ಲೇ ನಿಂತು ವಾಟ್ಸಾಪಿನಲ್ಲಿ ಮಾತು ರೆಕಾರ್ಡ್ ಮಾಡಿ ಕಳಿಸುತ್ತಿದ್ದ. ಕಲ್ಲೇಶ ಕೇಳಿ, ತಂದೆಗೆ ಕೂಗಿ ಹೇಳುತ್ತಿದ್ದ. ಒಮ್ಮೆ ಮಾತ್ರ ಎಡವಟ್ಟಾಗಿತ್ತು. ಒಂದು ಏಪ್ರಿಲ್‌ನಲ್ಲಿ "ದೇವರಮನೆ ಐವತ್ತು" ಎಂದು ಬಸವರಾಜಪ್ಪನವರು ಅಂಗಡಿ ತುಂಬ ಸಾರಿದರು; ಅದೇ ಕಡೆಯ ಬೆಳೆಗಾರರೊಬ್ಬರು ಅಲ್ಲೇ ಕೂತಿದ್ದವರು "ಒಂದು ಹನಿ ಬಿದ್ದಿಲ್ಲ, ಬಸವರಾಜಪ್ಪನೋರೇ, ಕನಸು ಬಿತ್ತಾ?" ಎಂದು ಎಲ್ಲರ ಎದುರು ಅವರ ಮಾನ ತೆಗೆದರು. ಮುದುಕರಿಗೆ ಎಷ್ಟು ಸಿಟ್ಟು ಬಂತೆಂದರೆ ಡೈರಿಯಲ್ಲಿ ಐವತ್ತರ ಪಕ್ಕ 'ಪ್ರಶಾಂತನ ಗೇಜು ಸರಿಯಿಲ್ಲ' ಎಂದು ಕೆಂಪು ಶಾಯಿಯಲ್ಲಿ ಬರೆದಿಟ್ಟರು.

ಕಳೆದ ವರ್ಷ ಮಾರ್ಚ್‌ನಲ್ಲಿ, ಮೆಣಸು ಕೊಯ್ಯುವಾಗ, ಪ್ರಶಾಂತನ ಅಲ್ಯೂಮಿನಿಯಂ ಏಣಿ ಮೇಲಿನ ಕರೆಂಟ್ ತಂತಿಗೆ ತಗುಲಿತು. ಏಣಿಯನ್ನು ಮರದಿಂದ ಮರಕ್ಕೆ ಎತ್ತಿಕೊಂಡು ಹೋಗುವ ಎರಡು ಹೆಜ್ಜೆಯಲ್ಲಿ ಎಲ್ಲ ಮುಗಿದಿತ್ತು. ಆ ದಿನದಿಂದ ಕಲ್ಲೇಶ ಅವನ ಚಾಟ್ ತೆರೆದಿರಲಿಲ್ಲ. ಹೆಸರು ಕಂಡರೆ ಸಂಕಟವಾಗುತ್ತದೆ ಎಂದು ಅದನ್ನು ಕಣ್ಣಿಗೆ ಬೀಳದ ಹಾಗೆ ಸರಿಸಿ ಇಟ್ಟಿದ್ದ. ಡೈರಿಯಲ್ಲಿ ದೇವರಮನೆಯ ಸಾಲು ಖಾಲಿ ಬಿತ್ತು.

ಏಳನೇ ಹಾಡನ್ನು ಪ್ರಶಾಂತನ ತಂಗಿ ಕವನಾಳಿಂದ ಹಾಡಿಸಬೇಕು ಎಂದು ಅವನಿಗೆ ಹೊಳೆದದ್ದು ಅದಕ್ಕೇ. ಅವಳು ಮೂಡಿಗೆರೆಯ ಶಾಲೆಯೊಂದರಲ್ಲಿ ಗಣಿತದ ಟೀಚರ್. ಮಕ್ಕಳಿಗೆ ಲೆಕ್ಕ ಹೇಳುವ ಗಂಟಲಲ್ಲಿ ಒಳ್ಳೆಯ ಹಾಡೂ ಇತ್ತು. ಗೆಳೆಯನಿಗಾಗಿ ತಾನು ಮಾಡಬಹುದಾದದ್ದು ಇಷ್ಟಾದರೂ ಆಗಲಿ ಎಂದು, ತಾನು ಗುನುಗಿದ್ದನ್ನೂ ರಶ್ಮಿ ಬರೆದ ಮಾತನ್ನೂ ಅವಳಿಗೆ ಕಳಿಸಿದ. 'ಹಾಡ್ತೀನಿ ಕಲ್ಲೇಶಣ್ಣ' ಎಂದು ಉತ್ತರ ಬಂತು. ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು: 'ಥ್ಯಾಂಕ್ಸ್ ಅಣ್ಣ.' ಅವಕಾಶ ಕೊಟ್ಟದ್ದಕ್ಕೆ ಎಂದುಕೊಂಡ.

ಶನಿವಾರ ಅರ್ಧ ದಿನದ ಶಾಲೆ ಮುಗಿಸಿ ಅವಳು ಬಸ್ಸಿಗೆ ಬಂದಳು. ಕಲ್ಲೇಶನ ಅಂಗಡಿಯ ಎದುರಿಗೇ ಕಾಫಿ ಸಿಪ್ಪೆ ಬಿಡಿಸುವ ಹಲ್ಲರ್ ಮಿಲ್ಲು. ಅದು ತಿರುಗುವಾಗ ಪಕ್ಕದವರ ಮಾತೇ ಕೇಳಿಸದು. ಮಧ್ಯಾಹ್ನ ಕೆಲಸದವರು ಊಟಕ್ಕೆ ಕೂತು ಮೆಷಿನ್ ನಿಲ್ಲುವ ಒಂದೂವರೆ ಗಂಟೆಯಲ್ಲೇ ಅವನ ಸ್ಟುಡಿಯೋ ನಡೆಯಬೇಕು. ಸ್ಟುಡಿಯೋ ಎಂದರೆ ಗೋಡೆಗೆಲ್ಲ ಹಳೆ ಕಾಫಿ ಚೀಲ, ಮೇಲೆ ಎರಡು ಕೌದಿ. ಏಳು ಹಾಡೂ ಊಟದ ಹೊತ್ತಿನ ಹಾಡುಗಳೇ.

ಕವನಾ ಹೆಡ್‌ಫೋನ್ ಹಾಕಿಕೊಂಡು ಕಣ್ಣು ಮುಚ್ಚಿ ಹಾಡಿದಳು. ಮೊದಲ ಸಾಲು, ಎರಡನೇ ಸಾಲು. ರಾಗ ಬೆಟ್ಟ ಹತ್ತಿತು. ಅಲ್ಲಿ ನಿಲ್ಲಿಸಬೇಕು, ಕೊನೆಯನ್ನು ಆಮೇಲೆ ನೋಡೋಣ ಎಂದು ಅವನು ಮೊದಲೇ ಹೇಳಿದ್ದ. ಅವಳು ನಿಲ್ಲಿಸಲಿಲ್ಲ. ಮಾತಿಲ್ಲದೆ, ಬರೀ ಗುನುಗುತ್ತ ಮುಂದುವರಿದು, ಒಂದು ಸಣ್ಣ ತಿರುವಿನಲ್ಲಿ ಬಳಸಿ, ಮೆಲ್ಲಗೆ ಇಳಿದು ನೆಲ ಮುಟ್ಟಿದಳು. ಅದೇ ಕೊನೆ. ಎರಡು ತಿಂಗಳಿಂದ ಅವನು ಹುಡುಕುತ್ತಿದ್ದದ್ದು ಅದನ್ನೇ, ಬೇರೆ ಯಾವುದೂ ಅಲ್ಲಿ ಕೂರುವಂತಿರಲಿಲ್ಲ. ಕಲ್ಲೇಶ ರೆಕಾರ್ಡಿಂಗ್ ನಿಲ್ಲಿಸುವುದನ್ನೂ ಮರೆತ.

"ಕವನಾ, ಈ ಕೊನೆ ಎಲ್ಲಿಂದ ತಂದ್ಯೇ?"

"ಎಲ್ಲಿಂದ ಅಂದ್ರೆ? ಇದ್ದದ್ದೇ ಅಲ್ವಾ ಅಣ್ಣ."

"ಇದ್ದದ್ದು ಅಂದ್ರೆ ಎಂತ?"

"ಪ್ರಶಾಂತಣ್ಣ ಹಾಡ್ತಿದ್ದದ್ದು ಹಂಗೇ. ನೀವು ಕಳ್ಸಿದ್ರಲ್ಲಿ ಕೊನೆ ಇರ್ಲಿಲ್ಲ. ನಂಗೆ ನೆನಪಿದ್ಯಾ ಅಂತ ಪರೀಕ್ಷೆ ಮಾಡ್ತಿದ್ದೀರಿ ಅಂದ್ಕೊಂಡೆ." ಅವಳು ನಕ್ಕಳು, ನಗುವಾಗಲೇ ಕಣ್ಣು ತುಂಬಿತು. "ದಿನಾ ಬೆಳಿಗ್ಗೆ ಗೇಜಿನ ಹತ್ರ ನಿಂತ್ಕೊಂಡು ನಿಮಗೇ ಕಳಿಸ್ತಿದ್ನಲ್ಲ. ನಮ್ಮನ್ನೆಲ್ಲ ಸುಮ್ನಿರಿ ಅಂತ ಗದರಿಸ್ತಿದ್ದ. ಕಲ್ಲೇಶಣ್ಣ ಅದನ್ನ ಮರೀಲಿಲ್ಲ, ಅವನ ಹಾಡನ್ನೇ ಆಲ್ಬಂಗೆ ಹಾಕ್ತಿದ್ದಾರೆ ಅಂತ ಅಮ್ಮಂಗೆ ಹೇಳ್ದೆ. ಎರಡು ದಿನ ಅತ್ರು."

ಇಲ್ಲ, ಇದು ನನ್ನ ರಾಗ ಎಂದು ಹೇಳಲು ಅವನಿಗೆ ಬಾಯಿ ಬರಲಿಲ್ಲ. ಹೌದು, ಅವನದ್ದೇ ಎಂದು ಹೇಳಲೂ ಬರಲಿಲ್ಲ. ಅಷ್ಟರಲ್ಲಿ ಎದುರಿನ ಮಿಲ್ಲು ಗಡಗಡ ಶುರುವಾಯಿತು. ಅವನು ಅದನ್ನೇ ನೆಪ ಮಾಡಿಕೊಂಡು ಕೈಸನ್ನೆಯಲ್ಲೇ ಸಾಕು ಎಂದ, ಬಸ್ಸಿಗೆ ಹತ್ತಿಸಿ ಬಂದ.

ಬಂದವನು ವ್ಯಾನಿನಲ್ಲಿ ಕೂತು, ಒಂದು ವರ್ಷದಿಂದ ಮುಟ್ಟದ ಚಾಟ್ ತೆರೆದ.

ಎಡಕ್ಕೆ ಪ್ರಶಾಂತನ ರೆಕಾರ್ಡುಗಳು, ಒಂದರ ಕೆಳಗೊಂದು. ಬಲಕ್ಕೆ ಕಲ್ಲೇಶನ ಉತ್ತರ: ಮೇಲೆತ್ತಿದ ಒಂದು ಹೆಬ್ಬೆರಳಿನ ಚಿತ್ರ. ಮತ್ತೆ ಒಂದು ಹೆಬ್ಬೆರಳು. ಎಷ್ಟು ಮೇಲಕ್ಕೆ ಸರಿಸಿದರೂ ಅವನ ಕಡೆಯಿಂದ ಹೆಬ್ಬೆರಳೇ, ಒಂದು ಮಾತಿಲ್ಲ. ತೀರಾ ಮೇಲಿನದನ್ನು ಒತ್ತಿದ.

"ಕಲ್ಲೇಶಾ, ಇಪ್ಪತ್ತೆರಡು ಸೆಂಟು. ಅಪ್ಪಾಜಿಗೆ ಹೇಳು. ಮತ್ತೆ ಇದು ಕೇಳು ಮಾರಾಯ, ನಿನ್ನೆ ಸ್ಪ್ರಿಂಕ್ಲರ್ ಪೈಪ್ ಎಳೀತಿದ್ದಾಗ ಒಂದು ಬಂತು." ಆಮೇಲೆ ಗುನುಗು. ಹಿಂದೆ ಕೋಳಿ, ದೂರದಲ್ಲಿ ಯಾರೋ ಕೆಮ್ಮಿದ್ದು. ಗುನುಗು ಹತ್ತಿತು, ತಡವರಿಸಿತು, ನಿಂತಿತು. "ಇನ್ನೂ ಪೂರ್ತಿ ಆಗಿಲ್ಲ. ಹೆಂಗಿದೆ ಹೇಳು."

ಸೆಂಟು ಕೇಳಿದ ಕೂಡಲೇ ಕಲ್ಲೇಶನ ಬೆರಳು ನಿಲ್ಲಿಸುವ ಗುರುತಿನ ಮೇಲೆ ಹೋಗುತ್ತಿತ್ತು. ಎಂದಾದರೂ ಕೈಗೆ ಎಣ್ಣೆ ಹತ್ತಿದ್ದರೆ, ಸ್ಪೀಕರ್ ಹೊತ್ತಿದ್ದರೆ, ಒಂದೆರಡು ಸಾಲು ತಾನಾಗಿ ಹರಿದು ಕಿವಿಗೆ ಬಿದ್ದಿರಬೇಕು. ಬಿದ್ದದ್ದು ಅಲ್ಲೇ ಕೂತು ಬೇರು ಬಿಟ್ಟು, ಗೆಳೆಯ ಸತ್ತ ಮೇಲೆ ತನ್ನದೇ ಎಂಬಂತೆ ಮೇಲೆದ್ದು ಬಂದಿದೆ. ಕೊನೆ ಯಾಕೆ ಬರಲಿಲ್ಲ ಎಂಬುದು ಈಗ ತಿಳಿಯಿತು. ಕೊನೆಯವರೆಗೆ ಅವನು ಒಂದು ದಿನವೂ ಕೇಳಿರಲಿಲ್ಲ.

ಒಂದೊಂದಾಗಿ ಕೇಳುತ್ತ ಹೋದ. ರಾಗ ದಿನದಿಂದ ದಿನಕ್ಕೆ ಬೆಳೆಯುತ್ತಿತ್ತು. ಅಂತೂ ಮರುವರ್ಷದ ಏಪ್ರಿಲ್‌ನ ಒಂದು ಬೆಳಿಗ್ಗೆ ಪೂರ್ತಿ ಹಾಡು. "ಐವತ್ತು ಸೆಂಟು" ಎಂದು ಶುರು. ಎರಡು ಸಾಲು, ತಿರುವು, ಇಳಿಜಾರು, ಕೊನೆ. ಆಮೇಲೆ ಪ್ರಶಾಂತ ಕಿಸಕ್ಕನೆ ನಕ್ಕ.

"ಲೋ, ಸುಳ್ಳು. ಒಂದು ಹನಿ ಬಿದ್ದಿಲ್ಲ ಇಲ್ಲಿ. ನೀನು ಕೊನೆ ತನಕ ಕೇಳ್ತೀಯೋ ಇಲ್ವೋ ನೋಡಕ್ಕೆ ಹೇಳಿದ್ದು. ಕೇಳಿದ್ರೆ ಈಗ್ಲೇ ಫೋನ್ ಮಾಡಿ ಬೈ. ಕಾಯ್ತಿರ್ತೀನಿ."

ಅದರ ಕೆಳಗೂ ಒಂದು ಹೆಬ್ಬೆರಳು ಇತ್ತು. ಕಲ್ಲೇಶ ಫೋನನ್ನು ಪಕ್ಕದ ಸೀಟಿಗೆ ಬೋರಲು ಹಾಕಿದ. ಮುಂದಿನದನ್ನು ಕೇಳುವ ಧೈರ್ಯವಾಗಲಿಲ್ಲ.

ಸಂಜೆ ಅಭಿಷೇಕ್ ಫೋನ್ ಮಾಡಿದಾಗ, ಏಳನೇ ರಾಗ ತನ್ನದಲ್ಲ, ಸತ್ತುಹೋದ ಗೆಳೆಯನದ್ದು ಎಂದು ಕಲ್ಲೇಶ ಹೇಳಿದ.

"ಸರ್, ತಲೆ ಕೆಡಿಸ್ಕೋಬೇಡಿ. ಇದು ಇನ್ನೂ ಒಳ್ಳೇದಾಯ್ತು. ರಾಗ ನಿಮ್ದೇ ಇರ್ಲಿ, ಕೆಳಗೆ 'ಅಗಲಿದ ಗೆಳೆಯನ ನೆನಪಿಗೆ' ಅಂತ ಹಾಕೋಣ. ಹಾಡಿರೋದು ತಂಗಿ ಬೇರೆ. ಜನ ಅಳ್ತಾರೆ ಸರ್."

ಛೀ ಎಂದು ಕಲ್ಲೇಶ ಫೋನ್ ಕುಕ್ಕಿದ ಎಂದು ಬರೆದರೆ ಕತೆಗೆ ಚೆಂದ. ಅವನು ಕುಕ್ಕಲಿಲ್ಲ. "ನೋಡೋಣ" ಎಂದ. ಆ ಮಾತು ಊಟದ ಹೊತ್ತಿಗೂ ಅವನ ಬಾಯಲ್ಲಿ ಸಿಹಿಯಾಗೇ ಇತ್ತು. ಕವನಾ ಒಪ್ಪಿಬಿಟ್ಟಿದ್ದಾಳೆ, ಅವಳ ತಾಯಿ ಅತ್ತಿದ್ದಾರೆ, ಅವರ ಕಣ್ಣಲ್ಲಿ ತಾನು ಗೆಳೆಯನನ್ನು ಮರೆಯದ ಪುಣ್ಯಾತ್ಮ. ಆಲ್ಬಂ ಉಳಿಯುತ್ತದೆ, ಹೆಸರು ಉಳಿಯುತ್ತದೆ. ಆ ಬೋರಲು ಬಿದ್ದ ಫೋನೊಂದು ನೆನಪಾಗದೇ ಇದ್ದಿದ್ದರೆ ಹಾಗೇ ನಡೆದೂ ಹೋಗುತ್ತಿತ್ತೋ ಏನೋ.

ಭಾನುವಾರ ಬೆಳಿಗ್ಗೆ ದೇವರಮನೆಯ ದಾರಿ ಹಿಡಿದ.

ಪ್ರಶಾಂತನ ತಾಯಿ ವಸಂತಮ್ಮ ಕಣದಲ್ಲಿದ್ದರು, ಕೊನೆಯ ಕೊಯ್ಲಿನ ಕಾಫಿ ಒಣಗಲು ಹರಡಿತ್ತು. ಕವನಾ ಚಾವಡಿಯಲ್ಲಿ ಮಕ್ಕಳ ಪರೀಕ್ಷೆಯ ಪೇಪರ್ ತಿದ್ದುತ್ತಿದ್ದಳು. ಅಂಗಳದ ಮೂಲೆಯಲ್ಲಿ ಗೇಜು ಇದ್ದಲ್ಲೇ ಇತ್ತು, ಒಳಗೆ ಒಣಗಿದ ಎಲೆ ಬಿದ್ದಿತ್ತು.

"ಬಾ ಮಾರಾಯ, ಕೂತ್ಕೊ. ನಿನ್ನ ಹೊಟ್ಟೆ ತಣ್ಣಗಿರ್ಲಿ," ಎಂದರು ವಸಂತಮ್ಮ. "ಅವನ ಹಾಡು ಉಳಿಸ್ತಿದ್ದೀಯಂತೆ."

ಹೇಳಲು ಬಂದದ್ದನ್ನು ಬಿಟ್ಟು ಕಲ್ಲೇಶ ಜೇಬಿನಿಂದ ಫೋನ್ ತೆಗೆದ. "ಅಮ್ಮ, ಅವನು ಕಳ್ಸಿದ್ದೆಲ್ಲ ಫೋನಲ್ಲಿ ಇದೆ," ಎಂದ ಅಷ್ಟೇ.

ವಸಂತಮ್ಮನ ಕೈಯಿಂದ ಕಾಫಿ ಎಳೆಯುವ ಕೋಲು ಜಾರಿತು. "ಅವನ ಮಾತಾ? ಹಾಕು. ಎಲ್ಲಾ ಹಾಕು. ಮೊದ್ಲಿಂದ."

ಮೆಟ್ಟಿಲ ಮೇಲೆ ಫೋನಿಟ್ಟು ಮೊದಲಿಂದ ಹಾಕಿದ. ಸತ್ತ ಮಗ ಹನ್ನೆರಡು ಸೆಂಟು, ಮೂವತ್ತೈದು ಸೆಂಟು ಎಂದು ಹೇಳುವುದನ್ನು ತಾಯಿ ಸೆರಗು ಬಾಯಿಗೆ ಒತ್ತಿಕೊಂಡು ಕೇಳಿದರು. ಹಾಡು ಬಂದಾಗಲೆಲ್ಲ ತಲೆದೂಗಿದರು. ಅನ್ನಕ್ಕಿಡುವ ಹೊತ್ತಾಯಿತು, ಊಟದ ಹೊತ್ತೂ ಮೀರಿತು, ಯಾರೂ ಏಳಲಿಲ್ಲ. ಐವತ್ತು ಸೆಂಟಿನ ಸುಳ್ಳು ಬಂದಾಗ ಕವನಾ ನಕ್ಕು, "ಪೋಕರಿ" ಎಂದಳು. ಕಲ್ಲೇಶ ನೆಲ ನೋಡಿದ.

ಅದರ ಮಾರನೇ ದಿನದ್ದರಲ್ಲಿ ಸೆಂಟು ಇತ್ತು, ಹಾಡು ಇತ್ತು, ಹೆಂಗಿದೆ ಎಂಬ ಮಾತು ಇರಲಿಲ್ಲ. ಇನ್ನೊಂದು ವಾರಕ್ಕೆ ಹಾಡು ಒಂದೇ ಸಾಲಾಯಿತು. ಜೂನಿನಲ್ಲಿ ಮಳೆ ಹಿಡಿಯಿತು, ಅವನ ಮಾತು ಮೊಟಕಾಗುತ್ತ ಬಂತು. "ಎರಡಿಂಚು ನಲವತ್ತು. ಅಪ್ಪಾಜಿಗೆ ಹೇಳು." ಮರುದಿನ "ಮೂರಿಂಚು ಹತ್ತು." ಅಷ್ಟೇ. ಇದನ್ನು ಕಲ್ಲೇಶ ನಿನ್ನೆ ಕೇಳಿರಲಿಲ್ಲ. ಪ್ರತಿ ಸಲ ಮೂವರೂ ಫೋನಿನ ಕಡೆ ಬಾಗುವರು, ಇನ್ನು ಹಾಡಬಹುದು ಎಂದು. ಹಾಡು ಬರಲಿಲ್ಲ. ನೂರಕ್ಕೂ ಮೇಲೆ ಹಾಗೇ ಹೋದವು, ಒಂದೂ ಹತ್ತು ಸೆಕೆಂಡು ದಾಟಲಿಲ್ಲ. ಕಡೆಯದು ಕಳೆದ ಮಾರ್ಚ್‌ದು, ಅವನು ಏಣಿ ಎತ್ತುವ ಮೂರು ಗಂಟೆ ಮೊದಲಿನದು.

"ಮಳೆ ಇಲ್ಲ."

ಎರಡು ಸೆಕೆಂಡು. ಕೆಳಗೆ ಹೆಬ್ಬೆರಳು. ಇಂಥವನ್ನು ಮಾತ್ರ ಕಲ್ಲೇಶ ಅಂದಂದೇ ಪೂರ್ತಿ ಕೇಳಿದ್ದ.

"ಆಯ್ತಾ?" ಎಂದರು ವಸಂತಮ್ಮ.

"ಆಯ್ತು ಅಮ್ಮ."

"ಮತ್ತೆ ಹಾಡೋದು ಎಂತಕ್ಕೆ ನಿಲ್ಲಿಸ್ದ ಅವ್ನು?"

ಕೆಲಸ ಜಾಸ್ತಿ ಇತ್ತೇನೋ ಎಂಬ ಮಾತು ಅವನ ನಾಲಿಗೆ ತುದಿಗೇ ಬಂದಿತ್ತು. ಯಾರೂ ಅದನ್ನು ಅಲ್ಲವೆನ್ನುತ್ತಿರಲಿಲ್ಲ.

"ನಾನು ಕೇಳ್ತಿರ್ಲಿಲ್ಲ ಅಮ್ಮ. ಸೆಂಟು ಕೇಳಿ ನಿಲ್ಲಿಸಿಬಿಡ್ತಿದ್ದೆ. ಅವನಿಗೆ ಗೊತ್ತಾಯ್ತು."

ವಸಂತಮ್ಮ ಕನ್ನಡಕ ಸರಿಮಾಡಿಕೊಂಡು ಫೋನಿನ ಮೇಲೆ ಬೆರಳಿಟ್ಟರು. "ಮತ್ತೆ ಈ ಹೆಬ್ಬೆರಳು?"

"ಅದು ಸುಮ್ನೆ ಒತ್ತಿದ್ದು."

"ಸುಮ್ನೆ," ಎಂದರು ಅವರು. "ನಂಗೆ ತೋರಿಸ್ತಿದ್ದ ಮಾರಾಯ ಅದನ್ನ. ಒಲೆ ಹತ್ರ ಬಂದು ತೋರಿಸ್ತಿದ್ದ. ನೋಡಮ್ಮ, ಕಲ್ಲೇಶ ಒಪ್ಪಿದ್ದಾನೆ, ಅವನು ಸುಮ್ಸುಮ್ನೆ ಒಪ್ಪೋ ಆಸಾಮಿ ಅಲ್ಲ ಅಂತ."

"ಇನ್ನೂ ಒಂದಿದೆ ಅಮ್ಮ. ಆ ರಾಗ ಅವನದ್ದು ಅಂತ ನಂಗೆ ಗೊತ್ತೇ ಇರ್ಲಿಲ್ಲ. ನಂದೇ ಅಂದ್ಕೊಂಡಿದ್ದೆ. ನಿನ್ನೆ ಕವನಾ ಹೇಳೋ ತನಕ."

ಕವನಾ ಎದ್ದಳು. ಅವನ ಮುಖ ನೋಡದೆ ಕಣಕ್ಕಿಳಿದು, ಬಿದ್ದಿದ್ದ ಕೋಲು ತೆಗೆದುಕೊಂಡು ಕಾಫಿ ಎಳೆಯತೊಡಗಿದಳು. ಒಣಗಿದ ಕಾಫಿ ಸರಸರ ಎನ್ನುತ್ತಿತ್ತು. ಅವಳ ಬೆನ್ನು ಅಲುಗುತ್ತಿದ್ದದ್ದು ಕೆಲಸಕ್ಕೋ ಅಳುವಿಗೋ ಅವನಿಗೆ ತಿಳಿಯಲಿಲ್ಲ.

ವಸಂತಮ್ಮ ಒಳಗೆ ಹೋಗಿ ಕಾಫಿ ತಂದು ಅವನ ಮುಂದಿಟ್ಟರು. ಸಕ್ಕರೆ ಹಾಕಿದ್ದರು, ಅವನಿಗೆ ಬೇಕಾದಷ್ಟೇ. ಅದು ಬೈಗುಳಕ್ಕಿಂತ ಕಷ್ಟವಾಯಿತು.

"ಹಾಡು ಹಾಕು," ಎಂದರು. "ಕವನಾ ಹಾಡಿದ್ದಾಳೆ, ಅದು ಹಾಳಾಗೋದು ಬೇಡ. ಅವನ ಹೆಸರು ಹಾಕು. ಅವನ ಹೆಸರಿನ ಪಕ್ಕ ನಿಂದು ಬೇಡ."

"ಆಯ್ತಮ್ಮ."

"ಕುಡಿ. ಆರೋಗತ್ತೆ."

ಆಲ್ದೂರಿಗೆ ಬಂದವನು ಏಳನೇ ಹಾಡನ್ನು ಬಿಚ್ಚಿ ಕೂತ. ತನ್ನ ಹೆಸರು ಬೇಡ ಎಂದ ಮೇಲೆ ತನ್ನ ಕೈಯೂ ಅಲ್ಲಿರಬಾರದು ಎನ್ನಿಸಿತು. ತಾನು ಹಾಕಿದ ಡ್ರಮ್ಮು ತೆಗೆದ, ಬೇಸ್ ತೆಗೆದ, ಹಿಂದಿನ ತಂತಿವಾದ್ಯ ತೆಗೆದ. ಉಳಿದದ್ದು ಕವನಾಳ ದನಿ ಒಂದೇ. ಅವಳು ಉಸಿರು ಎಳೆದುಕೊಂಡದ್ದು, ಉಗುಳು ನುಂಗಿದ್ದು, ಯಾವುದನ್ನೂ ಕತ್ತರಿಸಲಿಲ್ಲ. ಹಾಡು ಮುಗಿದ ಮೇಲಿನ ಮೌನವನ್ನೂ, ಅದರ ಮೇಲೆ ಎದುರಿನ ಹಲ್ಲರ್ ಮಿಲ್ಲು ಗಡಗಡ ಶುರುವಾದದ್ದನ್ನೂ ಹಾಗೇ ಬಿಟ್ಟ. ನಡುವೆ ತಾನೂ ಕವನಾಳೂ ಆಡಿದ ಮಾತನ್ನು ಮಾತ್ರ ತೆಗೆದ. ಅದು ಊರಿಗೆ ಕೇಳಿಸುವ ಮಾತಾಗಿರಲಿಲ್ಲ.

"ಆಲ್ಬಂ ನಿಮ್ದು, ಒಂದು ಹಾಡಲ್ಲಿ ನಿಮ್ಮ ಹೆಸರೇ ಇಲ್ದಿದ್ರೆ ಹೆಂಗೆ ಸರ್? ಅದೂ ಇರೋದ್ರಲ್ಲಿ ಒಳ್ಳೇ ಹಾಡಲ್ಲಿ?" ಎಂದು ಅಭಿಷೇಕ್ ಗೋಳಿಟ್ಟ. ಕಲ್ಲೇಶ ಅವನ ಮಾತನ್ನು ಕೊನೆಯವರೆಗೆ ಕೇಳಿದ. ಕೇಳಿ, ಆಗುವುದಿಲ್ಲ ಎಂದ.

ಆಲ್ಬಂ ಹೊರಬಿದ್ದದ್ದು ಮಾರ್ಚ್ ಕೊನೆಯ ಒಂದು ಶುಕ್ರವಾರ ಬೆಳಿಗ್ಗೆ. ಅದರ ಹಿಂದಿನ ಸಂಜೆ ಇಡೀ ಸೀಮೆಗೆ ಹೂವಿನ ಮಳೆ ಬಿದ್ದಿತ್ತು. ಇನ್ನು ಹಾಡು ಕೇಳುವವರು ಯಾರು? ಊರಿನ ಫೋನುಗಳೆಲ್ಲ ಸೆಂಟು ಕೇಳುವುದರಲ್ಲೇ ಬಿಸಿಯಾಗಿದ್ದವು. ಚಿಕ್ಕಮಗಳೂರಿನಿಂದ ರಶ್ಮಿ ಮಾತ್ರ ನಾಲ್ಕು ಸಾಲು ಕಳಿಸಿದ್ದಳು: ಆರೂ ಚೆನ್ನಾಗಿವೆ, ಏಳನೆಯದು ಕೇಳಿ ಕೈಕಾಲು ಆಡುತ್ತಿಲ್ಲ, ಈ ಪ್ರಶಾಂತ್ ಯಾರು?

ಅಂಗಡಿಯಲ್ಲಿ ಬಸವರಾಜಪ್ಪನವರು ಡೈರಿ ಬಿಚ್ಚಿಕೊಂಡು ಮದುವೆ ಮನೆ ಯಜಮಾನನ ಹಾಗೆ ಕೂತಿದ್ದರು. "ಆಲ್ದೂರು ತೊಂಬತ್ತು. ಅತ್ತಿಗುಂಡಿ ಅರವತ್ತೈದು. ಕಳಸ ಒಂದಿಂಚು ಹತ್ತು." ಬರೆಯುತ್ತ ಬರೆಯುತ್ತ, ತಲೆ ಎತ್ತದೆ, "ದೇವರಮನೆ ಎಷ್ಟಂತೋ?" ಎಂದು ಕೇಳಿದರು. ಕೇಳಿದ ಮೇಲೆ ನೆನಪಾಯಿತು. ಪೆನ್ನು ಅಲ್ಲೇ ನಿಂತಿತು.

"ಗೊತ್ತಿಲ್ಲ ಅಪ್ಪಾಜಿ," ಎಂದ ಕಲ್ಲೇಶ.

ಅವರು ಆ ಸಾಲು ಬಿಟ್ಟು ಮುಂದೆ ಬರೆದರು. ಕಲ್ಲೇಶ ಅವರ ಹಿಂದಿನ ಕಪಾಟಿನಿಂದ ಹಳೆಯ ಡೈರಿ ತೆಗೆದ. ಏಪ್ರಿಲ್‌ನ ಆ ಹಾಳೆ ಸಿಕ್ಕಿತು. 'ದೇವರಮನೆ 50', ಪಕ್ಕದಲ್ಲಿ ಕೆಂಪು ಶಾಯಿ. ಕೌಂಟರಿನ ಮೇಲಿಟ್ಟು, 'ಗೇಜು ಸರಿಯಿಲ್ಲ' ಎಂಬುದನ್ನು ಹೊಡೆದುಹಾಕಿದ. ಐವತ್ತನ್ನೂ ಹೊಡೆದು ಅದರ ಮೇಲೆ ಒಂದು ಸೊನ್ನೆ ಬರೆದ.

ತಮ್ಮ ಡೈರಿಯನ್ನು ಮಗ ಮುಟ್ಟಿದ್ದು ಕಂಡು ಬಸವರಾಜಪ್ಪನವರ ಹುಬ್ಬು ಗಂಟಾಯಿತು. "ಹಳೇದನ್ನ ಎಂತಕ್ಕೋ ತಿದ್ತೀಯ? ಅವತ್ತು ಮಳೆ ಇರ್ಲಿಲ್ಲ ಅಂತ ಯಾರು ಹೇಳಿದ್ದು ನಿಂಗೆ?"

"ಪ್ರಶಾಂತ."

"ಪ್ರಶಾಂತನಾ? ಯಾವಾಗ?"

"ಅವತ್ತೇ ಹೇಳಿದ್ದ, ಅಪ್ಪಾಜಿ."